ಅಂಚು ಕತ್ತರಸೂದು

ಮೂರನೇ ಸಲ ಬಂತಿದು ನನ್ನ ಕಡೆ.
ಬೆನ್ನ ಹರದು, ದಾರ ಸಡ್ಲಾಗಿ,
ಮೊದಲಿನ ನಾಕ ಹಾಳಿ ಎಲ್ಲೋ ಬಿದ್ದು
ಬರದವರ ಹೆಸರೂ ಅವುಗಳ ಕೂಡ ಹೋಗೇತಿ.
‘ತಿಮಿಂಗಿಲ ಇಲಾಖೆ’ ಅಂತ ರಟ್ಟಿನ ಮ್ಯಾಲ ಇರೂದು
ಹ್ವಾದ ಸಲ ನಾನಽ ಪೇಂಟಿಲೆ ಬರದದ್ದು.

ಕತಿ ಇಷ್ಟ:
ಕಡಲಜೀವಿಗಳ ಡಾಕ್ಟರಬಾಯಿ ಒಬ್ಬಾಕಿಗೆ
ಗುಮಾಸ್ತನ ಕೈತಪ್ಪಿಲೆ ಗದಗಕ್ಕ ವರ್ಗ ಆಗತೈತಿ.
ಭೀಷ್ಮಕೆರಿ ದಂಡ್ಯಾಗ ದುರ್ಬೀನ ಹಿಡಕೊಂಡ ಕುಂದರತಾಳ,
ತಿಂಗಳಿಗೊಮ್ಮೆ ವರದಿ:
ತಿಮಿಂಗಿಲ, ಈ ತಿಂಗಳೂ ಇಲ್ಲ.
ಮ್ಯಾಲಿನವರು ಕೇಳತಾರ: ಯಾಕಿಲ್ಲ? ಲಿಖಿತ ಕಾರಣ ಕೊಡ್ರಿ.
ಕಡೀಕ ಕೆರ್‍ಯಾಗ ಮಲಗಿದ್ದ ಎಮ್ಮಿಗೆ ನಂಬರ ಹಚ್ಚಿ
ತಿಮಿಂಗಿಲ, ಒಂದು, ಅಂತ ತೋರಸ್ತಾಳ.
ಬಡ್ತಿ ಬರತೈತಿ.
ಎಮ್ಮಿಗೆ.

ಖರೇ ಹೇಳತೇನಿ, ನಾ ಪೂರಾ ಓದಿಲ್ಲ.
ಓದಿದ್ದು ಅಂಚಿನಾಗಿನವು.
ಹೊಲಿಯೂಮುಂದ ಅವಽ ಮೊದಲ ಕಣ್ಣಿಗೆ ಬೀಳತಾವು.

ಹೊಂಬಾಳಿಮಠ ಮಾಸ್ತರದು ಹಸರು ಮಸಿ:
‘ಆಕ್ಟೋಪಸ್ಸಿಗೆ ಹೃದಯ ಮೂರು.
ಲೇಖಕರು ಎರಡು ಎಂದಿದ್ದಾರೆ. ಖಂಡನೀಯ.’
ಹನ್ನೊಂದು ಪುಟ ಇದಽ ಸಿಟ್ಟು, ಅಡಿಗೆರಿ ಎರಡೆರಡು.
ಎಮ್ಮಿ ಬಂದ ಪುಟದಾಗ ಮಸಿ ನಿಂತೇತಿ.
ಅಲ್ಲೆ ಬರೇ ಚಹಾದ ಹನಿ,
ಕಪ್ಪಿನಿಂದ ಚೆಲ್ಲಿದ್ದಲ್ಲ, ಬಾಯಿಂದ ಸಿಡದದ್ದು.
ಎರಡರ ಫರಕು ಬೈಂಡರಗ ಗೊತ್ತಾಗತೈತಿ.

ಅಂಬಲಿಮೀನದ ಲಗ್ನದ ಕಡೆ ಯಾರೋ ಪೆನ್ಸಿಲ್ಲಿಲೆ: ‘ಅಶ್ಲೀಲ.’
ಅದರ ಕೆಳಗ ಬ್ಯಾರೆ ಕೈ: ‘ಎಲ್ಲಿ? ಸಾಲು ತೋರಸ್ರಿ.’
ಅದರ ಕೆಳಗ ಮತ್ತೊಬ್ಬರು: ‘ನಾನೂ ಹುಡುಕಿದೆ.’

ಎದರಿಗೆ ಹೊಳಿಮೀನ ಮಾರೂ ಅಂಬಿಗೇರ ದುರಗವ್ವಗ
ಮೊಮ್ಮಗಳು ಓದಿ ಹೇಳ್ಯಾಳ.
ಹೆಂಗಿತ್ತಬೇ ಅಂದೆ.
‘ನಗಿ ಬರಲಿಲ್ಲಪಾ.
ದಂಡಿಗೆ ಕುಂತು ಇಲ್ಲದ್ದನ್ನ ಎಣಸೂದು
ನಗೂ ಮಾತೇನು?’
ಕೈಯಾಗಿನ ಹುರುಪಿ ಒರಸಕೋತ ಅಂದಳು:
‘ಎಮ್ಮಿದಷ್ಟು ಮತ್ತೊಮ್ಮೆ ಓದಸೇನಿ.’

ನೂರಾ ಹನ್ನೆರಡನೇ ಪುಟದಾಗ ಒಂದು ಬಸ್ಸಿನ ಟಿಕೀಟು,
ಮುಂಡರಗಿಯಿಂದ ಗದಗ. ಬೆನ್ನಿಗೆ ಸಣ್ಣ ಅಕ್ಷರ:
‘ಆರನೇ ವಾರ್ಡು, ರಾತ್ರಿ ಎರಡು. ಅಪ್ಪಾ ನಕ್ಕರು.
ಹೊಲಿಗಿ ಬಿಚ್ಚತಾವ ಅಂತ ನರ್ಸಬಾಯಿ ಬೈದರು.
ಇನ್ನೊಂದು ಪುಟ ಓದು ಅಂದರು.’
ಯಾರದು, ಮುಂದೇನಾತು, ಗೊತ್ತಿಲ್ಲ.
ಹೊಲಿಗಿ ಸುದ್ದಿ ಬಂತಂತ
ಆ ಪುಟದ ಮಡಿಕಿಗೆ ನಾ ಎರಡೆಳಿ ದಾರ ಹಾಕಿದೆ.

ಮಾನ ಸನ್ಮಾನ ಆದ ಪುಸ್ತಕ ನನ್ನ ಅಂಗಡಿಗೆ ಬರೂದಿಲ್ಲ.
ಅವು ಕಪಾಟಿನಾಗ ಮೈ ಮುರೀದಽ ಗಟ್ಟಿಮುಟ್ಟ ಇರತಾವು.
ಇದರ ಮೈಯಾಗ ಬಜಿ ಎಣ್ಣಿ, ಕೂಸಿನ ಜೊಲ್ಲು,
ಒತ್ತಿ ಮಲಗಿಸಿದ ಮೂಗಿನ ಗುರುತು.
ನನ್ನ ಅಭಿಪ್ರಾಯ ಕೇಳಿದರ ಇಷ್ಟಽ ಹೇಳತೇನಿ,
ಅದನೂ ಯಾರೂ ಕೇಳಿಲ್ಲ.

ಮೈದಾ ಅಂಟಿಗೆ ಮೈಲುತುತ್ತ ಹಾಕಿ ಕುದಸತೇನಿ, ಹುಳಾ ಹತ್ತಬಾರದಂತ.
ನೀಲಿ ಆಗತೈತಿ. ಗುಳ್ಳಿ ಏಳತಾವು, ಒಡೀತಾವು.
ಐವತ್ತಾರು ವರ್ಷಕ್ಕ ನಾ ಕಂಡ ಸಮುದ್ರ
ಈ ಬೋಗಾಣಿ ಅಗಲದ್ದು.

ಗ್ರಂಥಪಾಲಕ ಸಂಕನಗೌಡ್ರು ಚೀಟಿ ಇಟ್ಟಾರ:
‘ಅಂಚು ಸಮ ಕತ್ತರಿಸು. ಗೀಚಿದ್ದೆಲ್ಲ ಹೋಗಲಿ.’
ಕಾಲ ಇಂಚು ಹೊಡದರ ಸಾಕು.
ಮಾಸ್ತರ ಮೂರನೇ ಹೃದಯ ಹೋಗತೈತಿ,
‘ನಾನೂ ಹುಡುಕಿದೆ’ಯೊಳಗ ಬರೇ ‘ನಾನೂ’ ಉಳೀತೈತಿ.
ಮಷೀನಿನ ಹಲ್ಲಿಗೆ ಪುಸ್ತಕ ಕೊಟ್ಟೆ.
ಹಿಡಿಕಿ ಮ್ಯಾಲ ಕೈ ಇಟ್ಟೆ.
ಒಂದು ಚಹಾ ಕುಡದು ಬಂದೆ.
ಹೊರಗ ತಗದೆ.

ಅಂಚು ಹಂಗಽ ಹಲ್ಲಹಲ್ಲ ಉಳದಾವಲ್ಲೋ ಅಂದರು ಗೌಡ್ರು.
ದಂಡಿ ಯಾರರ ಸಮ ಕತ್ತರಸ್ತಾರೇನ್ರಿ ಅಂದೆ.
ಅವರಿಗೆ ತಿಳೀಲಿಲ್ಲ. ನನಗೂ ಪೂರಾ ತಿಳದಿರಲಿಲ್ಲ.
ಬಿಲ್ಲಿನಾಗ ಎಂಟ ರೂಪಾಯಿ ಮುರಕೊಂಡು
ಪುಸ್ತಕ ಬಗಲಾಗ ಹಿಡಕೊಂಡು ಹೋದರು.

ಸ್ಟ್ಯಾಂಡ ತಾವ ಬಸ್ಸಿಗೆ ನಿಂತಾಗ
ನಡಕ ಎಲ್ಲೋ ತಗದು ಓದಾಕ ಹತ್ತಿದ್ದರಂತ,
ದುರಗವ್ವ ಹೇಳಿದಳು,
ಎರಡು ಬಸ್ಸು ಬಿಟ್ಟರಂತ.