ನೈಟ್ ಹಾಲ್ಟ್

ಕ್ಯಾಂಟೀನಿನ ಟೀವಿಯಲ್ಲಿ ಬೆಂಗಳೂರು
ನಕಾಶೆಗೆ ಇನ್ನೊಂದು ಬಣ್ಣದ ಗೆರೆ ಎಳೆಯುತ್ತಿತ್ತು,
ಸುರಂಗದಲ್ಲಿ ಇಷ್ಟು, ಕಂಬದ ಮೇಲೆ ಇಷ್ಟು,
ಕಿಲೋಮೀಟರಿಗೆ ಇಷ್ಟು ನೂರು ಕೋಟಿ.
ವಡೆ ಮುರಿಯುತ್ತ ಮೆಕ್ಯಾನಿಕ್ ಇದಾಯತ್ ಕೇಳಿದ:
"ಅದರಲ್ಲಿ ಒಂದು ಗೇಣು ಕೊಟ್ರೆ ಸಾರ್,
ನಮ್ಮ ಹಾಸನ ಡಿಪೋಗೆ ಎಷ್ಟು ಗಾಡಿ ಬತ್ತವೆ?"
ಲೆಕ್ಕ ಹಾಕಲು ಹೋಗಿ ಬಿಟ್ಟೆ. ಟೀ ಆರುತ್ತಿತ್ತು.

ನನಗೆ ಮಂಜೂರಾದದ್ದು ಒಂದೇ ಗಾಡಿ,
ಅದೂ ಬೇರೆ ಡಿಪೋದಲ್ಲಿ ಆರು ಲಕ್ಷ ಓಡಿ ದಣಿದದ್ದು.
ಅರ್ಜಿ ಹತ್ತೊಂಬತ್ತು.
ಯಾರಿಗೆ ಮೊದಲು ಎನ್ನುವುದಕ್ಕೆ ಮೇಲಿನಿಂದ ಸೂತ್ರ ಬಂದಿದೆ:
ಕಿಲೋಮೀಟರಿಗೆ ಎಷ್ಟು ಹುಟ್ಟುತ್ತದೋ ಅಷ್ಟು ಅಂಕ.
ಆ ಪ್ರಕಾರ ಗಾರ್ಮೆಂಟ್ಸ್ ಗೇಟಿನ ಟ್ರಿಪ್ಪು ಒಂದನೆಯದು.
ನ್ಯಾಯವೇ. ಆ ಹುಡುಗಿಯರು ಫುಟ್‌ಬೋರ್ಡಿನಲ್ಲಿ
ನೇತಾಡುವುದನ್ನು ನಾನೇ ಕಂಡಿದ್ದೇನೆ.
ಕೊನೆಯದು ಕಡುವಿನಕೆರೆ.

ಕಡುವಿನಕೆರೆಯ ಅರ್ಜಿಗೆ ಸಹಿ ಮೂವತ್ತು, ಹೆಬ್ಬೆಟ್ಟು ಎಂಟು,
ತುಕ್ಕು ಹಿಡಿದ ಪಿನ್ನಿನಲ್ಲಿ ಒಂದು ಆಸ್ಪತ್ರೆ ಚೀಟಿ:
ದ್ಯಾವೀರಮ್ಮ, ಐವತ್ತೊಂದು, ಡಯಾಲಿಸಿಸ್,
ಸೋಮವಾರ, ಗುರುವಾರ, ಬೆಳಗ್ಗೆ ಏಳೂವರೆಯ ಪಾಳಿ.
ಆಟೋಗೆ ಒಂದು ಸಲಕ್ಕೆ ಎಂಟುನೂರು.
ತಂದವಳು ಅವಳ ನಾದಿನಿ. ಕೂರಿ ಎಂದರೂ ಕೂರಲಿಲ್ಲ.
"ಹೆಂಗಸ್ರಿಗೆ ಟಿಕೀಟು ಪುಕ್ಕಟೆ ಅಂತಾರೆ ಸಾ,
ಬಸ್ಸೇ ಬರ್ದಿದ್ರೆ
ಆ ಪುಕ್ಕಟೆನ ಎಲ್ಲಿ ಕುಂತ್ಕೊಂಡು ಹೋಗಾದು?"

ರಾತ್ರಿ ಶೆಡ್ಯೂಲು ಹರಡಿ ಕೂತೆ, ಸ್ಕೇಲು, ಪೆನ್ಸಿಲು, ರಬ್ಬರು.
ಬೆಳಗ್ಗೆ ಇಲ್ಲಿಂದ ಖಾಲಿ ಹೋಗುವುದೆಂದರೆ
ಇಪ್ಪತ್ತಾರು ಕಿಲೋಮೀಟರು ಡೀಸೆಲ್ ದಂಡ.
ಬಸ್ಸು ರಾತ್ರಿ ಅಲ್ಲೇ ಮಲಗಿದರೆ?
ಗಾರ್ಮೆಂಟ್ಸಿನ ಕೊನೇ ಪಾಳಿಯನ್ನು ದಾರಿಯುದ್ದಕ್ಕೂ ಇಳಿಸಿ
ಒಂಬತ್ತಕ್ಕೆ ಊರು ಸೇರಿ,
ಆರೂ ಹತ್ತಕ್ಕೆ ಎದ್ದು ಹೊರಟು
ಏಳೂ ಕಾಲಿಗೆ ಆಸ್ಪತ್ರೆ, ಎಂಟರೊಳಗೆ ಗಾರ್ಮೆಂಟ್ಸ್ ಗೇಟು.
ಒಂದು ಗಾಡಿ, ಎರಡು ಅರ್ಜಿ.
ಹದಿನೇಳು ಉಳಿದವು.
ಅವನ್ನೂ ನೋಡಿದೆ, ನೋಡಲಿಲ್ಲ ಎನ್ನಲಾರೆ.

"ನಾವು ಮಲಗಾದೆಲ್ಲಿ?" ಎಂದ ಡ್ರೈವರ್ ಜವರಪ್ಪ.
ಹಾಲಿನ ಡೈರಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು ಊರವರು,
ಒಂದು ಫ್ಯಾನು, ಎರಡು ಚಾಪೆ, ಮುದ್ದೆ ಸರತಿಯ ಮೇಲೆ.
ಎರಡನೇ ವಾರ ಕಂಡಕ್ಟರ್ ವರದಿ ಬರೆದ:
ಸೊಳ್ಳೆ ವಿಪರೀತ. ಆದಾಯ ಕಡಿಮೆ.
ಸೋಮವಾರ, ಗುರುವಾರ ಗಾಡಿ ಸ್ಟಾರ್ಟ್ ಮಾಡಿದ ಮೇಲೂ
ನಾಲ್ಕು ನಿಮಿಷ ಕಾಯಬೇಕಾಗುತ್ತದೆ,
ಪ್ರಯಾಣಿಕರೊಬ್ಬರು ನಡೆಯುವುದು ನಿಧಾನ.

ವೇಳಾಪಟ್ಟಿಯಲ್ಲಿ ತಿದ್ದಿ ಬರೆದೆ: ಆರೂ ಹದಿನಾಲ್ಕು.
ಕಾರಣದ ಕಾಲಮ್ಮಿನಲ್ಲಿ
ರಸ್ತೆ ಸರಿಯಿಲ್ಲ ಎಂದು ಹಾಕಿದೆ.
ಅದೂ ಸುಳ್ಳೇನಲ್ಲ.