ಬಣ್ಣ ಕೂರದ ಜಾಗ

ಕುಪ್ಪಿಯನ್ನು ಮೊದಲು ಮೀಯಿಸಬೇಕು
ಅನ್ನುತ್ತಾಳೆ ಬಾಗಿಯಕ್ಕ. ತೊಳೆಯಬೇಕು ಅನ್ನುವುದಿಲ್ಲ.
ಬಿಸಿನೀರು, ಒಲೆಯ ಬೂದಿ, ಒಂದು ಮುಷ್ಟಿ ಹೊಯ್ಗೆ,
ಸಪೂರದ ಹಿಡಿಕಡ್ಡಿಗೆ ಸುತ್ತಿದ
ಹಳೆ ಸೀರೆಯ ಚೂರು.
ಲೇಬಲ್ಲಿನ ಅಂಟು ಬಿಡದಿದ್ದರೆ
ರಾತ್ರಿಯಿಡೀ ನೀರಲ್ಲೇ ಇರಲಿ.
ಹೆರಿಗೆಗೂ ಅಂಟಿಗೂ ಅವಸರ ಮಾಡಬಾರದು.

ಬಂದ್ಯೋಡಿನ ಹೆದ್ದಾರಿ ಬದಿಗೆ ಎರಡು ಕೋಣೆಯ ಮನೆ.
ಹಂಚಿನಡಿಯ ಹಲಗೆಯಲ್ಲಿ ಐವತ್ತಮೂರು ಕುಪ್ಪಿ,
ಎಲ್ಲ ದಶಮೂಲಾರಿಷ್ಟದ್ದು,
ಕಡುಚಹಾ ಬಣ್ಣದ ಗಾಜು.
ಬಾಣಂತಿಯನ್ನು ಮೀಯಿಸಲು ಹೋದ ಮನೆಗಳಿಂದ
ನಲ್ವತ್ತನೇ ದಿನ ಕೇಳಿ ತಂದದ್ದು:
ಒಂದು ಸೀರೆ, ಅಕ್ಕಿ, ತೆಂಗಿನಕಾಯಿ, ಮತ್ತೆ ಆ ಖಾಲಿ ಕುಪ್ಪಿ.
ಎಂತಕ್ಕೆ ನಿನಗದು ಎಂದವರಿಗೆ
ಸೀಮೆಎಣ್ಣೆ ಹಾಕಲಿಕ್ಕೆ ಎಂದು ಸುಳ್ಳು ಹೇಳಿದಳಂತೆ.
ನಿಜ ಏನೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಈಗ ಅರಿಷ್ಟ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ.
ಮೀಯಿಸಲಿಕ್ಕೆ ಏಜೆನ್ಸಿಯ ಹುಡುಗಿ
ಕಾಸರಗೋಡಿನಿಂದ ಬಸ್ಸಿನಲ್ಲಿ ಬರುತ್ತಾಳೆ, ಕೈಗವಸು ಸಮೇತ.
ಬಾಗಿಯಕ್ಕನ ಕೈಗೆ ಕೆಲಸವಿಲ್ಲ.
ಶಿರಿಯದಲ್ಲಿ ದೋಣಿಗೆ ಬಳಿದು ಉಳಿದ ಪೈಂಟನ್ನು
ತಮ್ಮ ಕೊರಗಪ್ಪ ಡಬ್ಬಿ ಸಮೇತ ತಂದಿಟ್ಟ:
ನೀಲಿ, ಕೆಂಪು, ಕೆನೆಗಟ್ಟಿದ ಹಳದಿ ಸ್ವಲ್ಪ.
ಬಿಳಿ ಇರಲಿಲ್ಲ. ಎಲೆಯಡಿಕೆಯ ಸುಣ್ಣ ಹಚ್ಚಿದಳು,
ಎರಡನೇ ದಿನ ಉದುರಿತು.
ಪಕ್ಕದ ಮನೆಯ ಹುಡುಗ ಶಾಲೆಯ ಅಂಟು ಕೊಟ್ಟ.
ಬೆರೆಸಿದಳು. ನಿಂತಿತು.

ಯಾವುದು ಯಾವ ಮನೆಯದೆಂದು ಬರೆದಿಟ್ಟಿಲ್ಲ,
ಬರೆಯಲು ಬಾರದು.
ಬ್ರಶ್ಶು ಹಿಡಿದರೆ ಕೈಗೆ ನೆನಪಾಗುತ್ತದಂತೆ.
ಇದು ಮುಟ್ಟಂನ ನಬೀಸನದು,
ಮಗು ಮೊದಲ ವಾರ ಅಳಲೇ ಇಲ್ಲ, ನೋಡುತ್ತಿತ್ತು;
ಅದಕ್ಕೇ ನೀಲಿಯಲ್ಲಿ ಬರೀ ಕಣ್ಣು. ಮೀನೆಂದರೆ ಮೀನು.
ಇದು ಜಸಿಂತಾ ಬಾಯಿಯದು, ಅವಳಿ,
ಒಂದೇ ಕುಪ್ಪಿಗೆ ಎರಡು ಜಾತಿಯ ಬಳ್ಳಿ.
ಇದು ಪೋಸ್ಟ್‌ಮ್ಯಾನನ ಹೆಂಡತಿಯದು,
ಅರಿಷ್ಟ ಕುಡಿದದ್ದು ಪೋಸ್ಟ್‌ಮ್ಯಾನ್.
ಹಿಂದಿನ ಸಾಲಿನಲ್ಲೊಂದು, ಹೂವಿಲ್ಲ, ಬಳ್ಳಿಯಿಲ್ಲ,
ಕುತ್ತಿಗೆವರೆಗೂ ಕೆಂಪು.
ಅದು?
ನನ್ನದು, ಅಂದಳು.
ನನ್ನನ್ನು ಮೀಯಿಸಲಿಕ್ಕೆ ಯಾರನ್ನು ಕರೆಯುವುದು, ಮಾರಾಯ್ತಿ?

ಎಷ್ಟು ಬೂದಿ ಹಾಕಿ ತಿಕ್ಕಿದರೂ
ಪ್ರತಿ ಕುಪ್ಪಿಯ ಕತ್ತಿನ ಹತ್ತಿರ
ಹುಣಸೆಬೀಜದಷ್ಟು ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ.
ಬಳಿದರೆ ಸರಿಯುತ್ತದೆ, ಅಂಚಿಗೆ ಹೋಗಿ ಒಟ್ಟಾಗುತ್ತದೆ.
ಗಾಜಿನದೇ ದೋಷ ಅಂದುಕೊಂಡಿದ್ದೆ,
ಅವಳು ಹಿಡಿಯುವುದನ್ನು ನೋಡುವವರೆಗೆ:
ಚಾಚಿದ ಕಾಲುಗಳ ಮೇಲೆ ಕುಪ್ಪಿಯನ್ನು ಮಲಗಿಸಿ,
ಎಡ ಅಂಗೈ ಅಡಿಗೆ ಕೊಟ್ಟು,
ಹೆಬ್ಬೆರಳು ಕತ್ತಿನ ಆನಿಕೆಗೆ,
ತಲೆ ಇನ್ನೂ ನಿಲ್ಲದ್ದನ್ನು ಎತ್ತುವ ಹಾಗೆ.
ಮೂವತ್ತೆಂಟು ವರ್ಷದ ತೆಂಗಿನೆಣ್ಣೆ
ಬೆರಳಿನ ಒಳಗೆಲ್ಲೋ ಇಳಿದು ಕೂತಿದೆ,
ಸಾಬೂನಿಗೆ ಸಿಗುವುದಿಲ್ಲ.

ನೀನೂ ಒಂದು ಕೈಗವಸು ಹಾಕು, ಅಂದೆ.
ಏಜೆನ್ಸಿಯವಳ ಹಾಗೆಯಾ, ಎಂದು ನಕ್ಕಳು.
ಇರಲಿ ಬಿಡು, ಪೂರ್ತಿ ಮುಚ್ಚಿದರೆ
ಇದು ಅರಿಷ್ಟದ್ದೆಂದು ಯಾರಿಗೆ ಗೊತ್ತಾಗುವುದು?

ಹೊರಗೆ ರಸ್ತೆ ಅಗಲ ಮಾಡುವ ಯಂತ್ರ
ದಿನಕ್ಕೆ ನಾಲ್ಕು ಸಲ ಹಾದುಹೋಗುತ್ತದೆ.
ಗೋಡೆ ನಡುಗುತ್ತದೆ, ಹಲಗೆ ನಡುಗುತ್ತದೆ,
ಐವತ್ತಮೂರು ಕುಪ್ಪಿ ಒಂದಕ್ಕೊಂದು ತಾಗಿ
ಒಟ್ಟಿಗೆ ಶುರುಮಾಡುತ್ತವೆ.
ಬಾಗಿಯಕ್ಕ ಕೈ ಒರೆಸಿಕೊಳ್ಳದೆ ಎದ್ದು
ಹಲಗೆಗೆ ಅಂಗೈ ಒತ್ತಿ ನಿಂತಳು
ಯಂತ್ರ ದಾಟುವವರೆಗೆ.

ಮರದ ಮೇಲೆ ಐದೂ ಬೆರಳು
ನೀಲಿಯಾಗಿ ಮೂಡಿತು,
ಒಂದು ಗೆರೆಯೂ ತಪ್ಪದೆ.