ಹಿಡಿಯ ತೂಕ

ಐದೂಕಾಲು. ಬೆಟ್ಟದ ಮೇಲಿನ ದೀಪ ಇನ್ನೂ ಆರಿಲ್ಲ.
ರೇಸ್ ಕೋರ್ಸಿನ ಕಡೆ ಕುದುರೆಯೊಂದು ಕೆಮ್ಮುತ್ತದೆ.
ಗಾಡಿಯ ಎರಡೂ ಚಕ್ರ ಕಳಚಿ
ಏಳನೇ ಗ್ರೀನಿನ ಅಂಚಿಗೆ ಇಳಿಸುತ್ತೇನೆ,
ತುಂಬಿದ ಎಣ್ಣೆ ಬಾಣಲೆ ಇಳಿಸಿದ ಹಾಗೆ.

ಇಲ್ಲಿ ಹುಲ್ಲಿನ ಎತ್ತರ ಮೂರು ಮಿಲಿಮೀಟರು.
ಒಂದು ಎಳ್ಳುಕಾಳನ್ನು ನೆಟ್ಟಗೆ ನಿಲ್ಲಿಸಿದರೆ ಅಷ್ಟೇ.
ನಿಲ್ಲಿಸಿ ನೋಡಿದ್ದೇನೆ. ನಿಲ್ಲಲಿಲ್ಲ.

ಹಳೆಯ ಗಾಡಿಯಲ್ಲಿ ಹಿಡಿಯೂ ಅಲಗೂ ಒಂದೇ ಮೈ.
ಹಿಡಿ ಒತ್ತಿದರೆ ಮುಂದಿನ ರೋಲರು ಕತ್ತೆತ್ತಿ
ಹುಲ್ಲು ಉಳಿದುಬಿಡುತ್ತಿತ್ತು.
ಕೊಂಚ ಎತ್ತಿದೆನೋ, ಮೂತಿ ಮಣ್ಣಿಗೆ.
ಹನ್ನೆರಡು ವರ್ಷ ಅದರ ಹಿಂದೆ ನಡೆದೆ.
ನಿದ್ದೆಗೆಟ್ಟ ದಿನ ಒಂದು ಬಗೆ,
ಸೈಟಿನ ವಿಚಾರಕ್ಕೆ ಭಾವನ ಹತ್ತಿರ ಕೂಗಾಡಿ ಬಂದ ದಿನ
ಇನ್ನೊಂದು ಬಗೆ
ಗ್ರೀನಿನ ಮೇಲೆ ಬರೆದು ಹೋಗಿದ್ದೇನೆ.
ಓದುವವರು ಓದಿಯೂ ಓದಿದರು:
ಗುಳಿಯ ಹತ್ತಿರ ಬಂದ ಚೆಂಡು ಅನುಮಾನಪಟ್ಟು
ಎಡಕ್ಕೆ ವಾಲಿದಾಗ
ಬಿಳಿ ಟೋಪಿಯವರು ಬಗ್ಗಿ ಹುಲ್ಲು ನೋಡಿದರು,
ಆಮೇಲೆ ನನ್ನನ್ನು.

ಬುಟ್ಟಿಯದೂ ಒಂದು ಕಿತಾಪತಿ.
ಒದ್ದೆ ಹುಲ್ಲು ತುಂಬುತ್ತ ಹೋದಂತೆ ಅಲಗಿನ ಮೇಲೆ ಭಾರ,
ಹದಿನೈದನೇ ಸಾಲು ಮೊದಲನೆಯದಕ್ಕಿಂತ ಕುಳ್ಳು.
ಕಣ್ಣಿಗೆ ಕಾಣದು. ಚೆಂಡಿಗೆ ಕಾಣುತ್ತದೆ.
ತಿರುವಿನಲ್ಲಿ ಹಿಂದಿನ ಡ್ರಮ್ಮು ತಿರುಚಿ
ಅಂಚಿನ ಸುತ್ತಿಗೆ ಮೈ ತರಚಿದ ಕಂದು.
ಪೊನ್ನಪ್ಪ ಸಾರ್ ಬಯ್ಯುತ್ತಿರಲಿಲ್ಲ,
ಮಂಡಿಯೂರಿ ಒಂದು ಎಳೆ ಕಿತ್ತು
ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು:
'ಕತ್ತರಿಸಿದ ತುದಿ ಹಸಿರಾಗೇ ಇರುತ್ತೆ ಶಿವಮಲ್ಲು,
ಹರಿದ ತುದಿ ಮಧ್ಯಾಹ್ನಕ್ಕೆ ಬೂದಿ.'

ಈ ಗಾಡಿ ಬಂದದ್ದು ಹೋದ ಯುಗಾದಿಗೆ.
ಶೆಡ್ಡಿನಲ್ಲಿ ಜಬೀವುಲ್ಲಾ ಅದನ್ನು ಮಗ್ಗುಲಿಗೆ ಕೆಡವಿ
ಮೊದಲು ಅಲಗು ಎಣಿಸಿದ: ಹದಿನಾಲ್ಕು.
'ಜಾಸ್ತಿ ಅಲಗು ಅಂದ್ರೆ ಜಾಸ್ತಿ ನುಣುಪು ಅಂದ್ಕೋಬೇಡ.
ನೀನು ಆಮೆ ಥರ ನಡೆದ್ರೆ
ಅರ್ಧ ಅಲಗು ಗಾಳಿ ಕತ್ತರಿಸ್ತವೆ.
ಹಳೇದರ ಹಿಂದೆ ಓಡ್ತಿದ್ಯಲ್ಲ,
ಅದಕ್ಕೇ ಹುಲ್ಲಿನ ಮೇಲೆ ರಾಗಿ ಶ್ಯಾವಿಗೆ ಒತ್ತಿದ ಹಾಗೆ ಗೆರೆ.'
ಆಮೇಲೆ ನಿನ್ನೆಯ ಪೇಪರಿನ ಪಟ್ಟಿಯೊಂದನ್ನು
ಸುರುಳಿ ಅಲಗಿಗೂ ಅಡಿಪಟ್ಟಿಗೂ ನಡುವೆ ಇಟ್ಟು
ಕೈಯಿಂದ ನಿಧಾನ ತಿರುಗಿಸಿದ.
'ವಧು ಬೇಕಾಗಿದ್ದಾಳೆ' ಎರಡಾಯಿತು,
ಸದ್ದೇ ಇಲ್ಲ, ನೂಲೂ ಎದ್ದಿಲ್ಲ.
ಎಡದ ತುದಿಯಲ್ಲಿ ಮಾತ್ರ ಮಡಚಿತು.
ಸ್ಕ್ರೂವನ್ನು ಒಂದು ಕೂದಲಷ್ಟು ತಿರುವಿದ.
ಮತ್ತೆ ಪೇಪರು.

ಇದರ ತಲೆ ಬೇರೆ, ಹಿಡಿ ಬೇರೆ.
ನಡುವೆ ಒಂದು ಕೀಲು, ನಮ್ಮ ಮಣಿಕಟ್ಟಿನ ಹಾಗೆ.
ಬುಟ್ಟಿ ಚೌಕಟ್ಟಿಗೆ ಜೋತಿದೆ, ಅಲಗಿಗೆ ಅದರ ಗೊಡವೆಯಿಲ್ಲ.
ನೆಲ ಉಬ್ಬಿದಲ್ಲಿ ತಲೆ ತಾನೇ ಏಳುತ್ತದೆ,
ತಗ್ಗಿದಲ್ಲಿ ತಾನೇ ಬಾಗುತ್ತದೆ.
ಡ್ರಮ್ಮಿನ ಎರಡು ಹೋಳು ತಿರುವಿನಲ್ಲಿ
ಒಂದು ಬೇಗ, ಒಂದು ತಡ.
ಮೊದಲ ವಾರ ಯಾರೂ ಇಲ್ಲದಾಗ
ಬೇಕೆಂದೇ ಹಿಡಿಯ ಮೇಲೆ ಮೈಯೆಲ್ಲ ಹಾಕಿದೆ.
ಹಿಂದೆ ತಿರುಗಿ ನೋಡಿದರೆ
ಸಾಲು ಹಾಗೇ ಇದೆ.
ನನ್ನ ಭಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.
ಒಂದು ಗಳಿಗೆ ನಗು ಬಂತು,
ಇನ್ನೊಂದು ಗಳಿಗೆ ಬರಲಿಲ್ಲ.

ಕೈಗೆ ಮಾತ್ರ ಇದಿನ್ನೂ ತಿಳಿದಿಲ್ಲ.
ಒತ್ತದೆ, ಎತ್ತದೆ, ಮುಟ್ಟಿಯೂ ಮುಟ್ಟದ ಹಾಗೆ
ಹನ್ನೆರಡು ವರ್ಷ ಕಲಿತದ್ದು ಅದಕ್ಕೆ ಮರೆಯದು.
ಭಾನುವಾರ ಇಟ್ಟಿಗೆಗೂಡಿನ ರಸ್ತೆಯಲ್ಲಿ
ಮಗಳ ಸೈಕಲ್ಲಿನ ಸೀಟು ಹಿಡಿದು ಓಡುತ್ತಿದ್ದೆ.
'ಬಿಟ್ಟುಬಿಟ್ಯಾ ಅಪ್ಪಾ?' ಅಂತ ಕಿರುಚಿದಳು.
ಇಲ್ಲ ಅಂದೆ. ನಂಬಲಿಲ್ಲ. ಬಿದ್ದಳು.

ಬೆಳಕಾಯಿತು. ಮೊದಲ ಗೆರೆ ಎಳೆಯುವಾಗ
ಗಾಡಿ ನೋಡಬಾರದು, ದೂರದ್ದೇನಾದರೂ ನೋಡಬೇಕು.
ನಾನು ಬೆಟ್ಟದ ಆ ದೀಪವನ್ನು ನೋಡುತ್ತಿದ್ದೆ.
ಅದು ಈಗ ಆರಿತು,
ಅರ್ಧ ಗ್ರೀನು ಬಾಕಿಯಿದೆ.